ಷೇರಿನ ಮುಖಬೆಲೆ ಮತ್ತು ನಮ್ಮ ತಿಳಿವಳಿಕೆ

ಗದಗಿಗೆ ಸಮೀಪದ ಕಣಗಿನಹಾಳದಲ್ಲಿ, 1904ರ ಸಹಕಾರ ಕಾಯದೆ ಜಾರಿಗೆ ಬಂದ ಮರುವರ್ಷವೇ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ದೇಶದ ಮೊದಲನೆಯ ಕೃಷಿ ಪತ್ತಿನ ಸಹಕಾರ ಸಂಘ ಸ್ಥಾಪಿತವಾದಂದಿನಿಂದ, ಈ ಸೀಮೆಯ ಜನಕ್ಕೆ ಷೇರೆಂಬುದು ಅಪರಿಚಿತ ವಸ್ತುವಲ್ಲ. ಲಕ್ಷ್ಮೇಶ್ವರದ ರೈತನಾಗಲಿ, ಬೆಟಗೇರಿಯ ನೇಕಾರನಾಗಲಿ, ಸೊಸೈಟಿಯಲ್ಲಿ ಸಾಲ ಪಡೆಯುವ ಮೊದಲು ಅದರ ಷೇರು ಕೊಳ್ಳುವನು. ಕೊಂಡದ್ದು ಮುಖಬೆಲೆಗೆ, ಸದಸ್ಯತ್ವ ಬಿಡುವಾಗ ಮರಳಿ ಬರುವುದೂ ಅದೇ ಮುಖಬೆಲೆ. ಸಂಘದ ಮೀಸಲು ನಿಧಿ ಎಷ್ಟೇ ಬೆಳೆದಿರಲಿ, ಅದು ಸಂಘದ ಸ್ವತ್ತೇ ಹೊರತು ಸದಸ್ಯರು ಹಂಚಿಕೊಳ್ಳತಕ್ಕ ಐಶ್ವರ್ಯವಲ್ಲ. ಅಲ್ಲಿ ಪತ್ರದ ಮೇಲೆ ಅಚ್ಚಾದ ಅಂಕಿಯೇ ಪತ್ರದ ಬೆಲೆ.

ಅದೇ ಮನೆಗಳ ಮಕ್ಕಳು ಇಂದು ಮೊಬೈಲಿನಲ್ಲಿಯೇ ಡಿಮ್ಯಾಟ್ ಖಾತೆ ತೆರೆದು ಕಂಪನಿಗಳ ಷೇರುಗಳನ್ನು ಕೊಳ್ಳುತ್ತಿರುವಾಗ, ಸೊಸೈಟಿಯ ಷೇರಿನಿಂದ ಬಂದ ತಿಳಿವಳಿಕೆಯನ್ನೇ ಅಲ್ಲಿಗೂ ಒಯ್ಯುವುದು ಸಹಜವಾದರೂ ಅಪಾಯಕರ. ಕಂಪನಿಯ ಮುಖಬೆಲೆ ಷೇರು ಬಂಡವಾಳವನ್ನು ಲೆಕ್ಕದ ಪುಸ್ತಕದಲ್ಲಿ ಬರೆದಿಡುವ ಏಕಮಾನವಷ್ಟೆ. ಇನ್ಫೋಸಿಸ್ ಸಂಸ್ಥೆ 1993ರಲ್ಲಿ 10 ರೂಪಾಯಿ ಮುಖಬೆಲೆಯ ಷೇರನ್ನು 95 ರೂಪಾಯಿಗೆ ಸಾರ್ವಜನಿಕರ ಮುಂದಿಟ್ಟಿತು. 10 ರೂಪಾಯಿ ಷೇರು ಬಂಡವಾಳದ ಖಾತೆಗೂ, ಮಿಕ್ಕ 85 ರೂಪಾಯಿ ಪ್ರೀಮಿಯಂ ಖಾತೆಗೂ ಸೇರಿದವು. 2000ದಲ್ಲಿ ಆ ಮುಖಬೆಲೆಯನ್ನು 5 ರೂಪಾಯಿಗೆ ಇಳಿಸಿದಾಗ ಒಂದು ಷೇರು ಎರಡಾಯಿತೇ ಹೊರತು ಯಾರ ಸಂಪತ್ತೂ ಅದರಿಂದಲೇ ಹೆಚ್ಚಲೂ ಇಲ್ಲ, ಕುಗ್ಗಲೂ ಇಲ್ಲ. ಎಂ.ಆರ್.ಎಫ್. ಕಂಪನಿಯ ಷೇರಿನ ಪೇಟೆಯ ಧಾರಣೆ 2023ರಲ್ಲಿ ಲಕ್ಷ ರೂಪಾಯಿಯನ್ನು ದಾಟಿತು. ಅದರ ಮುಖಬೆಲೆಯೂ 10 ರೂಪಾಯಿಯೇ. ಮುಖಬೆಲೆ ಇಂತಿಷ್ಟೇ ಇರಬೇಕೆಂಬ ಹಳೆಯ ಕಟ್ಟನ್ನು ಷೇರುಪೇಟೆಯ ನಿಯಂತ್ರಕವಾದ ಸೆಬಿ 1999ರಲ್ಲಿಯೇ ಸಡಿಲಿಸಿದುದರಿಂದ, ಒಂದು ರೂಪಾಯಿ ಮುಖಬೆಲೆಯ ಷೇರು ಸೋವಿಯೆಂದೂ ಹತ್ತು ರೂಪಾಯಿಯದು ದುಬಾರಿಯೆಂದೂ ಭಾವಿಸುವುದಕ್ಕೆ ಯಾವ ಆಧಾರವೂ ಉಳಿದಿಲ್ಲ.

ಜನ ಹೆಚ್ಚಾಗಿ ಮೋಸಹೋಗುವುದು ಲಾಭಾಂಶದ ಶೇಕಡಾ ಲೆಕ್ಕದಲ್ಲಿ. ಕಂಪನಿಯೊಂದು ಶೇಕಡಾ 300 ಲಾಭಾಂಶ ಸಾರಿತೆಂದು ಓದಿದವನಿಗೆ ಹಾಕಿದ ಹಣ ಮೂರು ಪಟ್ಟಾಗಿ ಬಂದೀತೆಂಬ ಭ್ರಮೆ ಹುಟ್ಟಿದರೆ ಆಶ್ಚರ್ಯವಿಲ್ಲ. ಆದರೆ ಆ ಶೇಕಡಾ ಕೊಂಡ ಬೆಲೆಯ ಮೇಲಿನದಲ್ಲ, ಮುಖಬೆಲೆಯ ಮೇಲಿನದು. ಮುಖಬೆಲೆ 2 ರೂಪಾಯಿಯಿದ್ದು, ಪೇಟೆಯಲ್ಲಿ ಷೇರನ್ನು 400 ರೂಪಾಯಿಗೆ ಕೊಂಡಿದ್ದರೆ, ಶೇಕಡಾ 300 ಎಂದರೆ ಷೇರೊಂದಕ್ಕೆ 6 ರೂಪಾಯಿ. ಹಾಕಿದ ಹಣಕ್ಕೆ ಶೇಕಡಾ ಒಂದೂವರೆ ಮಾತ್ರ. ಶೇಕಡಾ 300ರ ಆ ಮಾತು ಸುಳ್ಳಲ್ಲವಾದರೂ, ಹೊಸದಾಗಿ ಹಣ ತೊಡಗಿಸುವವನನ್ನು ದಾರಿ ತಪ್ಪಿಸುವುದಕ್ಕೆ ಸುಳ್ಳಿಗಿಂತ ಕಡಿಮೆ ಸಮರ್ಥವಲ್ಲ. ನಮ್ಮ ಕನ್ನಡ ಪತ್ರಿಕೆಗಳ ವಾಣಿಜ್ಯ ಪುಟಗಳು ಲಾಭಾಂಶವನ್ನು ಶೇಕಡಾ ರೂಪದಲ್ಲಿ ಸಾರುವ ಪದ್ಧತಿಯನ್ನು ಕೈಬಿಟ್ಟು, ಷೇರೊಂದಕ್ಕೆ ಇಷ್ಟು ರೂಪಾಯಿ ಎಂದು ನೇರವಾಗಿ ಬರೆಯತಕ್ಕದ್ದು; ಪಕ್ಕದಲ್ಲಿಯೇ ಅಂದಿನ ಧಾರಣೆಯನ್ನೂ ಕೊಟ್ಟರೆ ಇನ್ನೂ ಉಚಿತ.

ಹಾಗೆಂದು ಮುಖಬೆಲೆ ಸರ್ವಥಾ ನಿರರ್ಥಕವೆನ್ನಲಾಗದು. ಷೇರನ್ನು ಮುಖಬೆಲೆಗಿಂತ ಕಡಿಮೆಗೆ ಹೊರಡಿಸುವುದನ್ನು 2013ರ ಕಂಪನಿ ಕಾಯದೆ ಸಾಮಾನ್ಯವಾಗಿ ನಿಷೇಧಿಸುತ್ತದೆ. ಷೇರುದಾರನ ಹೊಣೆಯ ವಿಷಯದಲ್ಲಿಯೂ ಅದಕ್ಕೆ ಮಹತ್ವವುಂಟು. 1904ರ ಸಹಕಾರ ಕಾಯದೆಯಂತೆ ಗ್ರಾಮೀಣ ಸಂಘದ ಸದಸ್ಯರ ಹೊಣೆ ಸಾಧಾರಣವಾಗಿ ಅಪರಿಮಿತವಾಗಿತ್ತು. ಸಂಘ ಮುಳುಗಿದರೆ ಮನೆ ಹೊಲಗಳೂ ಸಾಲಕ್ಕೆ ಉತ್ತರ ಹೇಳಬೇಕಾಗಿತ್ತು. ಇದಕ್ಕೆ ವ್ಯತಿರಿಕ್ತವಾಗಿ, ಷೇರಿನ ಪೂರ್ಣ ಹಣ ತೆತ್ತವನನ್ನು ಕಂಪನಿಗೆ ಸಾಲ ಕೊಟ್ಟವರು ಮುಂದೆ ಒಂದು ಕಾಸನ್ನೂ ಕೇಳಲಾರರು. ಭಾಗಶಃ ಹಣ ತೆತ್ತ ಷೇರನ್ನು ಕೊಂಡವನಾದರೋ ಉಳಿದ ಮೊತ್ತಕ್ಕೆ ಹೊಣೆಗಾರನಾಗಿಯೇ ಇರುವನಾದುದರಿಂದ, ಅಂಥ ಷೇರನ್ನು ಕೊಳ್ಳುವ ಮೊದಲು ತೆರಬೇಕಾದ ಬಾಕಿಯೆಷ್ಟು, ಅದನ್ನು ಯಾವಾಗ ಕೇಳುವರು ಎಂಬುದನ್ನು ವಿಚಾರಿಸಿಕೊಳ್ಳಬೇಕು.