ಮೊರ್ವಾನ್ ಕಾಡಿನ ಗರಸುಹಾದಿ

ಫ್ರಾನ್ಸ್ ದೇಶವೆಂದೊಡನೆ ನಮ್ಮಲ್ಲಿ ಬಹುಮಂದಿಗೆ ಪ್ಯಾರಿಸ್ ನಗರವು ಕಣ್ಣಮುಂದೆ ಬಂದು ನಿಲ್ಲುತ್ತದೆ. ಆ ದೇಶದ ಬೈಸಿಕಲ್ಲೆಂದೊಡನೆ ವರ್ಷವರ್ಷವೂ ಜುಲೈ ತಿಂಗಳಲ್ಲಿ ನಡೆಯುವ ದೊಡ್ಡ ಪಂದ್ಯವು ನೆನಪಾಗುತ್ತದೆ. ಈ ತಿಂಗಳು ವಾಚಕರನ್ನು ಇವೆರಡರ ಗದ್ದಲವೂ ಮುಟ್ಟದ ಒಂದು ಮೂಲೆಗೆ ಕರೆದೊಯ್ಯಬೇಕೆಂದಿದ್ದೇವೆ. ಪ್ಯಾರಿಸಿನಿಂದ ಆಗ್ನೇಯಕ್ಕೆ 200 ಕಿಲೋಮೀಟರಿಗಿಂತ ತುಸು ಹೆಚ್ಚು ದೂರದಲ್ಲಿ, ದ್ರಾಕ್ಷಾರಸಕ್ಕೆ ಹೆಸರಾದ ಬರ್ಗಂಡಿ ಸೀಮೆಯ ನಟ್ಟನಡುವೆ, ದ್ರಾಕ್ಷಿಗೆ ಒಗ್ಗದ ಒಂದು ಗುಡ್ಡಗಾಡುಂಟು. ಅದರ ಹೆಸರು ಮೊರ್ವಾನ್. ಕೆಳಗೆಲ್ಲ ಗ್ರಾನೈಟ್ ಕಲ್ಲು, ಮೇಲೆ ತೆಳ್ಳನೆಯ ಬಡಮಣ್ಣು, ಅದರ ಮೇಲೆ ಕಾಡು. ಅತ್ಯುನ್ನತವಾದ ಶಿಖರವೂ 901 ಮೀಟರನ್ನು ಮೀರದು. ಮೊರ್ವಾನಿನಿಂದ ಒಳ್ಳೆಯ ಗಾಳಿಯೂ ಬಾರದು, ಒಳ್ಳೆಯ ಜನರೂ ಬಾರರು ಎಂದು ಸುತ್ತಲಿನ ಸಿರಿವಂತ ಸೀಮೆಯವರು ಗಾದೆ ಕಟ್ಟಿದ್ದರು. ಬಡವರ ನಾಡಿಗೆ ನೆರೆಹೊರೆಯವರು ಕೊಡುವ ಬಿರುದು ಎಲ್ಲ ದೇಶಗಳಲ್ಲಿಯೂ ಹೀಗೆಯೇ ಇರುತ್ತದೆ.

ಆ ನಾಡಿಗೆ ಈಗ ಕೆಲವು ವರ್ಷಗಳಿಂದ ಹೊಸ ಬಗೆಯ ಸಂಚಾರಿಗಳು ಬರುತ್ತಿದ್ದಾರೆ. ಅವರ ವಾಹನಕ್ಕೆ ಗ್ರಾವೆಲ್ ಬೈಸಿಕಲ್ಲೆಂದು ಹೆಸರು. ಗ್ರಾವೆಲ್ ಎಂದರೆ ಗರಸು, ಡಾಂಬರು ಕಾಣದ ಹಾದಿಯ ಸಣ್ಣ ಕಲ್ಲು. ನೋಟಕ್ಕೆ ಇದು ಪಂದ್ಯದ ಬೈಸಿಕಲ್ಲಿನಂತೆಯೇ ಇದೆ. ಹ್ಯಾಂಡಲ್ ಟಗರಿನ ಕೊಂಬಿನಂತೆ ಕೆಳಕ್ಕೆ ಬಾಗಿರುತ್ತದೆ. ಟೈರು ಮಾತ್ರ ಅಗಲ. ಪಂದ್ಯದ ಬೈಸಿಕಲ್ಲಿಗೆ 28 ಮಿಲಿಮೀಟರಿನ ಆಸುಪಾಸಿನ ಟೈರಾದರೆ ಇದಕ್ಕೆ 40, ಕೆಲವರಿಗೆ 50. ಅದರಲ್ಲಿ ಗಾಳಿಯನ್ನೂ ಬಿಗಿಯಾಗಿ ತುಂಬುವುದಿಲ್ಲ. ಬಿಗಿಯಾದ ಟೈರು ಪ್ರತಿಯೊಂದು ಕಲ್ಲಿನ ಮೇಲೂ ಪುಟಿಯುತ್ತದೆ. ಪುಟಿದಾಗಲೆಲ್ಲ ಸವಾರನ ಶಕ್ತಿಯೇ ವ್ಯಯ. ಮೆತ್ತನೆಯ ಟೈರು ಕಲ್ಲನ್ನು ತನ್ನೊಳಕ್ಕೆ ಒತ್ತಿಕೊಂಡು ಮುಂದೆ ಉರುಳುತ್ತದೆ. ಇಷ್ಟೇ ಇದರ ಗುಟ್ಟು.

ಈ ಹೆಸರು ಅಮೆರಿಕದಿಂದ ಬಂದುದು. ಕ್ಯಾನ್ಸಾಸ್ ರಾಜ್ಯದ ಎಂಪೋರಿಯಾ ಎಂಬ ಊರಿನಲ್ಲಿ 2006ರಲ್ಲಿ ಗರಸುರಸ್ತೆಯ ಮೇಲೆ 200 ಮೈಲಿಗಳ ಒಂದು ಪಂದ್ಯವನ್ನು ಆರಂಭಿಸಿದರು. 2022ರಲ್ಲಿ ಇದಕ್ಕೊಂದು ಜಾಗತಿಕ ಪಂದ್ಯವೂ ಇಟಲಿಯಲ್ಲಿ ನಡೆಯಿತು. ಆದರೆ ಫ್ರೆಂಚರಿಗೆ ಇದು ಹೊಸತೆಂದು ಹೇಳುವುದು ಅಜ್ಜಿಗೆ ಮೊಮ್ಮಗಳು ಅಡಿಗೆ ಕಲಿಸಿದಂತೆಯೇ ಸರಿ. ಸೇಂತ್ ಎತಿಯೆನ್ ಪಟ್ಟಣದ ಪೋಲ್ ದ ವಿವೀ ಎಂಬವರು 1887ರಲ್ಲಿ ಬೈಸಿಕಲ್ ಸಂಚಾರಕ್ಕಾಗಿಯೇ ಒಂದು ಪತ್ರಿಕೆಯನ್ನು ಹೊರಡಿಸಿ, ವೆಲೊಸಿಯೊ ಎಂಬ ಹೆಸರಿನಿಂದ ಬರೆಯುತ್ತಿದ್ದರು. ಅಗಲವಾದ ಟೈರು, ಏರಿಗೊಂದು ಇಳಿಜಾರಿಗೊಂದು ಗೇರು ಬೇಕೆಂದು ಅವರು ವಾದಿಸಿದರು. ಗೇರು ಬದಲಿಸುವುದು ಹೇಡಿತನವೆಂದು ಪಂದ್ಯದವರು ನಕ್ಕರು. ಆ ದೊಡ್ಡ ಪಂದ್ಯದಲ್ಲಿ ಗೇರು ಬದಲಿಸುವ ಯಂತ್ರಕ್ಕೆ ಅನುಮತಿ ದೊರೆತದ್ದು 1937ರಲ್ಲಿ. ಅಷ್ಟರಲ್ಲಿ ವೆಲೊಸಿಯೊ ತೀರಿಕೊಂಡು ಏಳು ವರ್ಷಗಳಾಗಿದ್ದುವು. ಅವರು ಶಾಕಾಹಾರಿಗಳಾಗಿದ್ದರೆಂಬುದು ನಮ್ಮ ಕೆಲವು ವಾಚಕರಿಗೆ ಸಂತೋಷದ ಸಂಗತಿಯಾಗಬಹುದು. 1936ರಲ್ಲಿ ಫ್ರೆಂಚ್ ಕಾರ್ಮಿಕರಿಗೆ ಕಾನೂನಿನ ಪ್ರಕಾರ ವರ್ಷಕ್ಕೆ ಎರಡು ವಾರಗಳ ಸಂಬಳಸಹಿತ ರಜೆ ದೊರೆತಾಗ, ಎಷ್ಟೋ ದಂಪತಿಗಳು ಇಬ್ಬರು ತುಳಿಯುವ ಬೈಸಿಕಲ್ಲನ್ನೇರಿ ತಮ್ಮ ದೇಶವನ್ನು ಮೊದಲಬಾರಿಗೆ ಕಂಡರು.

ಇನ್ನು ಹಾದಿ ಹಿಡಿಯೋಣ. ಮೋಂಸೋಶ್ ಎಂಬ ಊರಿನ ಬಳಿ ಸೆತ್ತೊನ್ ಸರೋವರವಿದೆ. ಸುಮಾರು 360 ಹೆಕ್ಟೇರು ನೀರು. ಸುತ್ತಲೂ ಬೀಚ್ ಮತ್ತು ಓಕ್ ಮರಗಳು, ಅವುಗಳ ನಡುವೆ ಕಪ್ಪಗೆ ನಿಂತ ಸೂಜಿಯೆಲೆಯ ಮರಗಳು. ದಡವನ್ನು ಒಂದು ಸುತ್ತು ಬರಲು 14 ಕಿಲೋಮೀಟರಿಗೆ ಹತ್ತಿರ. ಅವಸರಪಡದೆ ತುಳಿದರೂ ಒಂದೂವರೆ ಗಂಟೆಯಲ್ಲಿ ಮುಗಿಯುವ ದಾರಿ. ಮಕ್ಕಳನ್ನು ಕರೆದುಕೊಂಡು ಹೋದವರಿಗೆ ಅರ್ಧ ದಿನ. ನೋಡಿದವರು ಇದನ್ನು ಸೃಷ್ಟಿಕಾಲದಿಂದಲೂ ಇದ್ದ ಕೊಳವೆಂದೇ ತಿಳಿಯುವರು. ಅದು ಹಾಗಲ್ಲ. ಮೊರ್ವಾನಿನ ದೊಡ್ಡ ಸರೋವರಗಳೆಲ್ಲವೂ ಮನುಷ್ಯನು ಕಟ್ಟೆ ಹಾಕಿ ನಿಲ್ಲಿಸಿದ ನೀರು. ಅವುಗಳಲ್ಲಿ ಇದು ಹಳೆಯದು, 1854ರಿಂದ 1858ರ ವರೆಗೆ ಕಟ್ಟಿದ್ದು. ಕಟ್ಟಿದ್ದು ಬೇಸಾಯಕ್ಕಲ್ಲ, ಕುಡಿಯುವುದಕ್ಕೂ ಅಲ್ಲ. ಪ್ಯಾರಿಸಿನವರ ಒಲೆ ಉರಿಯಲೆಂದು.

ಈ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಹದಿನಾರನೆಯ ಶತಮಾನದ ನಡುವಿನ ಹೊತ್ತಿಗೆ ಪ್ಯಾರಿಸಿನ ಸುತ್ತಣ ಕಾಡುಗಳು ಬರಿದಾಗಿ ಸೌದೆಗೆ ಕಷ್ಟವಾಯಿತು. ಆಗ ಮೊರ್ವಾನಿನ ಮರವನ್ನು ನೀರಿನ ಮೇಲೆ ತರುವ ಏರ್ಪಾಡು ಬೆಳೆಯಿತು. ಚಳಿಗಾಲದಲ್ಲಿ ಮರ ಕಡಿದು, ಒಂದು ಮೀಟರಿಗಿಂತ ಸ್ವಲ್ಪ ಉದ್ದವಾದ ತುಂಡುಗಳನ್ನಾಗಿ ಮಾಡಿ, ತುದಿಗೆ ವ್ಯಾಪಾರಿಯ ಮುದ್ರೆಯನ್ನು ಸುತ್ತಿಗೆಯಿಂದ ಒತ್ತಿ, ಹಳ್ಳದ ದಡದಲ್ಲಿ ಒಟ್ಟುವರು. ಗೊತ್ತಾದ ದಿನ ಮೇಲಣ ಕೊಳಗಳ ತೂಬುಗಳನ್ನೆಲ್ಲ ತೆಗೆದರೆ ಸಣ್ಣ ತೊರೆಯೂ ಪ್ರವಾಹವಾಗುವುದು; ದಡದಲ್ಲಿದ್ದ ಸೌದೆಯನ್ನೆಲ್ಲ ಅದಕ್ಕೆ ನೂಕುವರು. ಹೆಂಗಸರೂ ಮಕ್ಕಳೂ ಉದ್ದನೆಯ ಕೊಕ್ಕೆಗೋಲು ಹಿಡಿದು, ಸಿಕ್ಕಿಕೊಂಡ ತುಂಡುಗಳನ್ನು ಬಿಡಿಸುತ್ತ ದಡದುದ್ದಕ್ಕೂ ನಡೆಯುವರು. ಯೊನ್ ನದಿಯ ಮೇಲಿನ ಕ್ಲಾಮ್ಸಿ ಪಟ್ಟಣದಲ್ಲಿ ಅವನ್ನು ನೀರಿನಿಂದೆತ್ತಿ, ಮುದ್ರೆ ನೋಡಿ ಬೇರ್ಪಡಿಸಿ, ಎಪ್ಪತ್ತು ಮೀಟರಿಗೂ ಉದ್ದವಾದ ತೆಪ್ಪಗಳನ್ನಾಗಿ ಕಟ್ಟುತ್ತಿದ್ದರು. ಒಬ್ಬ ಗಂಡಸು, ಜತೆಗೊಬ್ಬ ಹುಡುಗ. ಇವರು ಆ ತೆಪ್ಪವನ್ನು ಸೇನ್ ನದಿಗೆ ಇಳಿಸಿ ಪ್ಯಾರಿಸ್ ಮುಟ್ಟಿಸಲು ಹತ್ತು ಹನ್ನೊಂದು ದಿನ ಹಿಡಿಯುತ್ತಿತ್ತು. ಹಿಂದಿರುಗುವುದು ಕಾಲ್ನಡಿಗೆಯಲ್ಲಿ. ಮೂರು ಶತಮಾನಗಳ ಕಾಲ ರಾಜಧಾನಿಯ ಅರಮನೆಗೂ ಗುಡಿಸಲಿಗೂ ಬೆಚ್ಚಗೆ ಮಾಡಿದ ಬೆಂಕಿಯಲ್ಲಿ ಬಹುಪಾಲು ಇಲ್ಲಿಯದು. ಸೆತ್ತೊನ್ ಕಟ್ಟೆಯನ್ನು ಹಾಕಿದ್ದು ಕ್ಯೂರ್ ನದಿಯಲ್ಲಿ ಈ ಸೌದೆ ತೇಲುವಷ್ಟು ನೀರಿರಲೆಂದು. ವಿಧಿಯ ಚೇಷ್ಟೆ ನೋಡಿ: ಕಟ್ಟೆ ಮುಗಿಯುವ ವೇಳೆಗೆ ರೈಲೂ ಕಲ್ಲಿದ್ದಲೂ ಬಂದಿದ್ದುವು. 1870ರ ದಶಕದಲ್ಲಿ ಕೊನೆಯ ತೆಪ್ಪ ಹೊರಟಿತು. ಬಿಡಿ ತುಂಡುಗಳನ್ನು ತೇಲಿಬಿಡುವುದು 1920ರ ದಶಕದ ಆರಂಭದಲ್ಲಿ ನಿಂತುಹೋಯಿತು. ಉಳಿದದ್ದು ನೀರು, ಅದರ ಸುತ್ತಣ ಹಾದಿ.

ಮರದ ಜತೆಗೆ ಇನ್ನೊಂದೂ ಇಲ್ಲಿಂದ ಪ್ಯಾರಿಸಿಗೆ ಹೋಗುತ್ತಿತ್ತು. ಅದು ತಾಯಹಾಲು. ಹತ್ತೊಂಬತ್ತನೆಯ ಶತಮಾನದಲ್ಲಿ ಮೊರ್ವಾನಿನ ಬಾಣಂತಿಯರು ಸಿರಿವಂತರ ಮನೆಗಳಲ್ಲಿ ಕೂಸುಗಳಿಗೆ ಹಾಲೂಡಿಸುವ ದಾದಿಯರಾಗಿ ಗುಂಪುಗುಂಪಾಗಿ ರಾಜಧಾನಿಗೆ ಹೋಗುತ್ತಿದ್ದರು. ತನ್ನ ಕೂಸನ್ನು ಅಜ್ಜಿಯ ಕೈಗೋ ನೆರೆಯವಳ ಕೈಗೋ ಕೊಟ್ಟು ಹೋಗಬೇಕು. ಅದಕ್ಕೆ ಹಸುವಿನ ಹಾಲೇ ಗತಿ. ಬಂದ ಸಂಬಳದಿಂದ ಹಳ್ಳಿಯಲ್ಲಿ ಗುಡಿಸಲು ಹೋಗಿ ಕಲ್ಲಿನ ಮನೆ ಏಳುವುದು. ಆ ಮನೆಗಳನ್ನು ಜನರು ಹಾಲಿನ ಮನೆಗಳೆಂದು ಕರೆದರು. ಕಾಡುಹಾದಿಯ ತಿರುವಿನಲ್ಲಿ ಅವು ಇಂದಿಗೂ ಕಾಣುತ್ತವೆ. ಅಂಥ ಮನೆಯೊಂದರ ಮುಂದೆ ನಿಂತು ಅದರ ಲೆಕ್ಕವನ್ನು ಮನಸ್ಸಿನಲ್ಲಿ ಹಾಕಿ ನೋಡಿದರೆ ಹೊಟ್ಟೆ ಕಿವುಚುತ್ತದೆ. ಮೋಂಸೋಶಿನ ವೈದ್ಯರಾಗಿದ್ದ ಶಾರ್ಲ್ ಮೊನೊ ಎಂಬವರು ಆ ಲೆಕ್ಕವನ್ನು ನಿಜವಾಗಿಯೇ ಹಾಕಿದರು. ದಾದಿಯರು ಬಿಟ್ಟುಹೋದ ಕೂಸುಗಳು ಎಷ್ಟು ಸಾಯುತ್ತಿವೆ ಎಂಬುದನ್ನು 1867ರಲ್ಲಿ ಪುಸ್ತಕವಾಗಿ ಪ್ರಕಟಿಸಿ, ದೊಡ್ಡವರ ನಿದ್ದೆ ಕೆಡಿಸಿದರು. ಹಾಲೂಡಿಸಲು ಬೇರೆಯವರ ಕೈಗೆ ಕೊಟ್ಟ ಮಕ್ಕಳ ರಕ್ಷಣೆಗಾಗಿ 1874ರಲ್ಲಿ ಫ್ರಾನ್ಸಿನಲ್ಲಿ ಕಾನೂನಾಯಿತು. ಇದರ ಮರುಮುಖವೂ ಉಂಟು. ಪ್ಯಾರಿಸಿನ ಅನಾಥ ಶಿಶುಗಳನ್ನು ಸಾಕುವುದಕ್ಕಾಗಿ ಇಲ್ಲಿಯ ಮನೆಗಳಿಗೆ ಕಳುಹಿಸುತ್ತಿದ್ದರು. ಮುಂದೆ ಪ್ರಸಿದ್ಧ ನಾಟಕಕಾರರಾದ ಜಾನ್ ಜೆನೆ ಬೆಳೆದದ್ದು ಅಲೀನ್ಯಿ ಎಂಬ ಹಳ್ಳಿಯಲ್ಲಿ, ಅಂಥ ಸಾಕುಮಗುವಾಗಿ. ಆ ಹಳ್ಳಿಯಲ್ಲಿಯೇ 2016ರಿಂದ ದಾದಿಯರ ಮತ್ತು ಸಾಕುಮಕ್ಕಳ ವಸ್ತುಸಂಗ್ರಹಾಲಯವೊಂದಿದೆ. ಸರೋವರದ ದಡದಲ್ಲಿ ಒಂದು ಸುತ್ತು ಕಡಮೆ ಮಾಡಿಯಾದರೂ ಅದನ್ನು ನೋಡಬೇಕೆಂಬುದು ನಮ್ಮ ಅಭಿಪ್ರಾಯ.

ಸೆತ್ತೊನಿನಿಂದ ಪಶ್ಚಿಮಕ್ಕೆ ಕಾಡಿನೊಳಗೆ ತುಳಿದರೆ ಊರೂ ಎಂಬ ಹಳ್ಳಿ ಸಿಕ್ಕುತ್ತದೆ. ಹೌದು, ಊರಿನ ಹೆಸರೇ ಊರೂ. ಕನ್ನಡಿಗನಿಗೆ ಅಲ್ಲಿ ದಾರಿ ಕೇಳುವುದು ಸುಲಭ. ಅದರ ಸಮೀಪದ ಕಾಡಿನಲ್ಲಿ, ಗರಸುಹಾದಿಯ ಪಕ್ಕದಲ್ಲಿ, ಮರಗಳ ಕೆಳಗೆ ಒಂದು ಸಣ್ಣ ಸಮಾಧಿಸ್ಥಳವಿದೆ. ಜರ್ಮನರ ಆಕ್ರಮಣ ಕಾಲದಲ್ಲಿ ಈ ಕಾಡಿನಲ್ಲಿ ಅಡಗಿ ಹೋರಾಡಿದ ಫ್ರೆಂಚ್ ತರುಣರೂ, ವಿಮಾನ ಬಿದ್ದು ಸತ್ತ ಬ್ರಿಟಿಷ್ ಸೈನಿಕರೂ ಅಲ್ಲಿ ಒಟ್ಟಿಗೆ ಮಲಗಿದ್ದಾರೆ. 1944ರ ಜೂನ್ ತಿಂಗಳಲ್ಲಿ ಮೋಂಸೋಶ್ ಊರನ್ನು ಜರ್ಮನರು ಸುಟ್ಟರು. ಹತ್ತಿರದ ದ್ಯೂನ್ ಎಂಬ ಹಳ್ಳಿಯಲ್ಲಿ 27 ಮಂದಿಯನ್ನು ಕೊಂದರು. ಆ ಕಾಡಿನ ಮೌನವನ್ನು ಸವಾರರು ಬಹಳವಾಗಿ ಹೊಗಳುತ್ತಾರೆ. ಆ ಮೌನದಲ್ಲಿ ಒಂದಂಶ ಹೀಗೆ ಬಂದುದು. ಇನ್ನೊಂದಂಶ, ಜೀವನೋಪಾಯವಿಲ್ಲದೆ ಜನರು ಊರು ಬಿಟ್ಟುಹೋದುದರಿಂದ ಬಂದುದು.

ಕಾಡಿನ ವಿಷಯದಲ್ಲಿಯೂ ಒಂದು ಜಗಳ ನಡೆಯುತ್ತಿದೆ. 1946ರಲ್ಲಿ ಸರ್ಕಾರವು ಅರಣ್ಯನಿಧಿಯೊಂದನ್ನು ಏರ್ಪಡಿಸಿದ ಮೇಲೆ, ಹಳೆಯ ಬೀಚ್ ಓಕ್‌ಗಳನ್ನು ಕಡಿದು ಅಮೆರಿಕದ ಪಶ್ಚಿಮ ತೀರದ ಡಗ್ಲಸ್ ಮರವನ್ನು ಸಾಲುಸಾಲಾಗಿ ನೆಟ್ಟರು. ಐವತ್ತು ವರ್ಷದ ಆಸುಪಾಸಿನಲ್ಲಿ ಅದು ಕಡಿತಕ್ಕೆ ಬರುತ್ತದೆ. ಓಕ್ ಮರಕ್ಕೆ ಮೂರು ತಲೆಮಾರು ಕಾಯಬೇಕು. ಈಗ ಕಾಡಿನ ಸುಮಾರು ಅರ್ಧ ಪಾಲು ಇಂಥ ಸೂಜಿಯೆಲೆಯ ಮರಗಳೇ. ಕಡಿಯುವಾಗ ಇಡೀ ಗುಡ್ಡವನ್ನು ಒಮ್ಮೆಗೇ ಬೋಳಿಸುವುದನ್ನು ಕಂಡು ಸಹಿಸಲಾರದೆ, ಕೆಲವು ಊರವರು ಹಣ ಕೂಡಿಹಾಕಿ ಹಳೆಯ ಕಾಡಿನ ತುಂಡುಗಳನ್ನು ಕೊಂಡುಕೊಂಡು ಉಳಿಸಿಕೊಳ್ಳುತ್ತಿದ್ದಾರೆ. ಸವಾರನು ಈ ಜಗಳದಲ್ಲಿ ತಾನು ಹೊರಗಿನವನೆಂದು ತಿಳಿಯಲಾಗದು. ಅವನ ಟೈರಿಗೆ ಹಿತವಾದ ಆ ಅಗಲವಾದ ಗರಸುರಸ್ತೆಯನ್ನು ಅನೇಕ ಕಡೆಗಳಲ್ಲಿ ಹಾಕಿರುವುದು ಮರ ಸಾಗಿಸುವ ಲಾರಿಗಳಿಗಾಗಿಯೇ.

ಹಳೆಯ ಕಿರಿದಾದ ಹಾದಿಗಳ ಕಥೆ ಬೇರೆ. ಹಳ್ಳಿಯಿಂದ ಹಳ್ಳಿಗೆ, ಹೊಲದಿಂದ ಗಿರಣಿಗೆ ಹೋಗುತ್ತಿದ್ದ ದಾರಿಗಳನ್ನು ಫ್ರೆಂಚರು ಗ್ರಾಮಮಾರ್ಗಗಳೆನ್ನುತ್ತಾರೆ. ಅವು ಗ್ರಾಮದ ಸ್ವತ್ತು, ಎಲ್ಲರ ಓಡಾಟಕ್ಕೆ ತೆರೆದವು. ಆದರೆ ಯಾರೂ ನಡೆಯದೆ ಬಿಟ್ಟು, ಪಕ್ಕದ ಜಮೀನುದಾರನು ಬೇಲಿ ಸರಿಸಿಕೊಂಡು ಮೂವತ್ತು ವರ್ಷ ಅನುಭವಿಸಿದರೆ, ಅದು ಅವನದೇ ಆಗಿಬಿಡಬಹುದು. ಹೀಗೆ ನಕ್ಷೆಯಲ್ಲಿದ್ದು ನೆಲದಲ್ಲಿಲ್ಲದ ಹಾದಿಗಳು ಅನೇಕ. ಗ್ರಾಮಸಭೆಯು ತನ್ನ ಹಾದಿಗಳ ಪಟ್ಟಿ ಮಾಡಿಕೊಳ್ಳುವಾಗ ಎರಡು ವರ್ಷಗಳ ಕಾಲ ಈ ಗಡುವನ್ನು ನಿಲ್ಲಿಸಬಹುದೆಂದು 2022ರ ಫೆಬ್ರವರಿಯಲ್ಲಿ ಕಾನೂನಾಗಿದೆ. ಮರುವರ್ಷ ಬಂದ ಇನ್ನೊಂದು ಕಾನೂನಿನ ಪ್ರಕಾರ, ಫಲಕ ಹಾಕಿದ ಖಾಸಗಿ ಕಾಡಿನೊಳಗೆ ಹೊಕ್ಕವನು ದಂಡ ತೆರಬೇಕು. ಆದುದರಿಂದ ಯಾವ ಹಾದಿ ಯಾರದೆಂಬುದನ್ನು ಹೊರಡುವ ಮುನ್ನ ನಕ್ಷೆಯಲ್ಲಿ ನೋಡಿಕೊಳ್ಳುವುದು ಲೇಸು.

ಹೋಗುವವರಿಗೆ ನಾಲ್ಕು ಮಾತು. ಮೇ, ಜೂನ್ ತಿಂಗಳುಗಳು ಪ್ರಶಸ್ತ. ಸೆಪ್ಟೆಂಬರಿನಿಂದ ಫೆಬ್ರವರಿಯ ಕೊನೆಯ ವರೆಗೆ ಬೇಟೆಯ ಕಾಲ. ಆಗ ದೂರಕ್ಕೆ ಕಾಣುವ ಕಿತ್ತಳೆ ಬಣ್ಣದ ಬಟ್ಟೆ ಧರಿಸಬೇಕು, ಬೇಟೆ ನಡೆಯುತ್ತಿದೆಯೆಂಬ ಫಲಕ ಕಂಡರೆ ಬೇರೆ ದಾರಿ ಹಿಡಿಯಬೇಕು. ಹುಲ್ಲಿನಲ್ಲಿ ಕುಳಿತೆದ್ದ ಮೇಲೆ ಮಕ್ಕಳ ಮೈಯಲ್ಲಿ ಉಣ್ಣೆ ಹತ್ತಿದೆಯೇ ಎಂದು ಹುಡುಕುವುದನ್ನು ಮರೆಯಬಾರದು; ಅದರಿಂದ ಹರಡುವ ರೋಗ ಕೆಟ್ಟದ್ದು. ಹಳ್ಳಿಯ ಅಂಗಡಿ ಮಧ್ಯಾಹ್ನ ಮುಚ್ಚಿರುತ್ತದೆ, ಸೋಮವಾರ ಎಷ್ಟೋ ಕಡೆ ತೆರೆಯುವುದೇ ಇಲ್ಲ. ನೀರು ಬೇಕಾದರೆ ಊರ ಸ್ಮಶಾನದ ಬಾಗಿಲ ಬಳಿ ನಲ್ಲಿ ಇರುವುದುಂಟು. ನಮ್ಮವರಿಗೆ ಇದು ಒಪ್ಪದಿರಬಹುದು. ಅಲ್ಲಿಯ ಸವಾರರು ನಿಸ್ಸಂಕೋಚವಾಗಿ ಬಾಟಲಿ ತುಂಬಿಕೊಳ್ಳುತ್ತಾರೆ. ಪಾನ್‌ಸಿಯೇರ್ ಎಂಬ ಅತಿದೊಡ್ಡ ಸರೋವರವನ್ನು ಶರತ್ಕಾಲದಲ್ಲಿ ನೋಡಿದವರು ಕೆಸರುಬಯಲನ್ನು ಕಂಡು ನಿರಾಶರಾಗುವರು. 1937ರಿಂದ 1949ರ ವರೆಗೆ ಕಟ್ಟಿದ ಆ ಕಟ್ಟೆಯ ಕೆಲಸವೇ ಅದು: ಬೇಸಗೆಯಲ್ಲಿ ನೀರು ಬಿಟ್ಟು ಸೇನ್ ನದಿ ಸೊರಗದಂತೆ ಮಾಡುವುದು, ಚಳಿಗಾಲದಲ್ಲಿ ನೀರು ಹಿಡಿದು ಪ್ಯಾರಿಸಿಗೆ ನೆರೆ ಬಾರದಂತೆ ತಡೆಯುವುದು.

ಪ್ಯಾರಿಸಿನಿಂದ ಅವಲ್ಲೋನ್ ಊರಿಗೆ ರೈಲಿದೆ. ಬೈಸಿಕಲ್ಲನ್ನು ಅದರಲ್ಲಿ ಇರಿಸಿಕೊಳ್ಳಬಹುದು. ಹಿಂದಿರುಗುವಾಗ ಕ್ಲಾಮ್ಸಿಯಲ್ಲಿ ಹತ್ತುವುದು ಒಳ್ಳೆಯದು. ಅಲ್ಲಿಂದ ರೈಲು ಯೊನ್ ನದಿಯ ಕಣಿವೆಯನ್ನೇ ಹಿಡಿದು, ತೆಪ್ಪಗಳು ಹೋದ ದಿಕ್ಕಿನಲ್ಲಿಯೇ ಕೆಳಕ್ಕೆ ಸಾಗುತ್ತದೆ. ನೀರಿನ ಕಡೆಯ ಕಿಟಕಿ ಹಿಡಿದು ಕುಳಿತುಕೊಳ್ಳಿರಿ.