ಹಡಗಿಗಿಂತ ಮುಂಚೆ ಹೊರಡುವ ಪತ್ರ

ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶಕ್ಕೆ ಸಮುದ್ರ ತೀರವಿಲ್ಲ. ಮುಂಬಯಿ ಬಳಿಯ ನವಾ ಶೇವಾ ಬಂದರಿನಿಂದ ಅಲ್ಲಿಗೆ ಒಂದು ಕಂಟೇನರ್ ಔಷಧ ಹೋಗಬೇಕೆಂದು ಭಾವಿಸೋಣ. ಹಡಗು ಅದನ್ನು ನೆರೆರಾಷ್ಟ್ರದ ಅಬಿಜಾನ್ ಅಥವಾ ಲೋಮೆ ಬಂದರಿನಲ್ಲಿ ಇಳಿಸುತ್ತದೆ. ಮುಂದಿನದು ನೆಲದ ದಾರಿ. ಇಷ್ಟು ದೂರದ ಪಯಣದಲ್ಲಿ ಸರಕು ಯಾರದು, ಎಲ್ಲಿಗೆ ಹೋಗಬೇಕು ಎಂದು ಹೇಳುವವರು ಯಾರು? ಜೊತೆಗಿರುವ ಕಾಗದಪತ್ರಗಳೇ!

ಅವುಗಳಲ್ಲಿ ಮುಖ್ಯವಾದುದು ಹಡಗು ಕಂಪೆನಿ ಕೊಡುವ ‘ಬಿಲ್ ಆಫ್ ಲೇಡಿಂಗ್’. ಅದು ಸರಕು ಪಡೆದುದಕ್ಕೆ ರಸೀದಿ, ಸಾಗಣೆಯ ಕರಾರಿಗೆ ಸಾಕ್ಷಿ. ಬುರ್ಕಿನಾ ಫಾಸೊ, ಬೆನಿನ್, ಕ್ಯಾಮರೂನ್ ಮೊದಲಾದ ದೇಶಗಳು ಇದರೊಡನೆ ಮತ್ತೊಂದು ಪತ್ರವನ್ನೂ ಕೇಳುತ್ತವೆ. ಅದೇ ‘ಕಾರ್ಗೊ ಟ್ರ್ಯಾಕಿಂಗ್ ನೋಟ್’, ಅಂದರೆ ಸರಕಿನ ಜಾಡುಪತ್ರ. ಕಳುಹಿಸುವವರು, ಪಡೆಯುವವರು, ಸರಕಿನ ವಿವರ, ತೂಕ, ಹಡಗಿನ ಹೆಸರು, ಸಾಗಣೆ ವೆಚ್ಚ, ಕಂಟೇನರ್ ಸಂಖ್ಯೆ ಎಲ್ಲವೂ ಅದರಲ್ಲಿರಬೇಕು. ಹಡಗು ಗುರಿ ಮುಟ್ಟುವ ಮೊದಲೇ ಅದು ಸಿದ್ಧವಾಗಿರಬೇಕು, ಇಲ್ಲದಿದ್ದರೆ ದಂಡ.

ಏಕೆ ಈ ಕಟ್ಟುನಿಟ್ಟು? ಏನು ಬರುತ್ತಿದೆ ಎಂಬುದು ಮೊದಲೇ ತಿಳಿದರೆ ಬೆಲೆ ಕಡಿಮೆ ತೋರಿಸಿ ಸುಂಕ ತಪ್ಪಿಸುವವರನ್ನು ಹಿಡಿಯುವುದು ಸುಲಭ. ಆದರೆ ಪತ್ರಕ್ಕೆ ಶುಲ್ಕವುಂಟು. ಕೊನೆಗೆ ಅದು ಸರಕಿನ ಬೆಲೆಗೇ ಸೇರುತ್ತದೆ.

ಕಂಟೇನರ್ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೆ ಕಾಗದವೇ ಬೇರೆ, ಪೆಟ್ಟಿಗೆಯೇ ಬೇರೆ ಎಂದಾಗುತ್ತದೆ. ತಿದ್ದುಪಡಿ ಆಗುವವರೆಗೆ ಔಷಧ ಬಂದರಿನಲ್ಲೇ ಕೊಳೆಯಬೇಕಾದೀತು. ಇದನ್ನು ತಡೆಯಲು ಒಂದು ಸೊಗಸಾದ ಲೆಕ್ಕವಿದೆ.

ಕಂಟೇನರಿನ ಮೇಲೆ ನಾಲ್ಕು ಇಂಗ್ಲಿಷ್ ಅಕ್ಷರ, ಆರು ಅಂಕಿ, ಕೊನೆಗೆ ಒಂದು ತಾಳೆ ಅಂಕಿ ಇರುತ್ತವೆ. ಉದಾಹರಣೆಗೆ: ಸಿ, ಎಸ್, ಕ್ಯೂ, ಯು, 305438, 3. ಎ ಅಕ್ಷರಕ್ಕೆ 10, ಬಿ ಅಕ್ಷರಕ್ಕೆ 12 ಹೀಗೆ 11, 22, 33 ಬಿಟ್ಟು ಕ್ರಮವಾಗಿ ಬೆಲೆ ಕೊಡಬೇಕು. ಆಗ ಈ ಅಕ್ಷರಗಳ ಬೆಲೆ 13, 30, 28, 32. ಇವನ್ನೂ ಮುಂದಿನ ಆರು ಅಂಕಿಗಳನ್ನೂ ಅನುಕ್ರಮವಾಗಿ 1, 2, 4, 8, 16, 32, 64, 128, 256, 512ರಿಂದ ಗುಣಿಸಿ ಕೂಡಿಸಿದರೆ 6185. ಅದನ್ನು 11ರಿಂದ ಭಾಗಿಸಿದರೆ ಶೇಷ 3. ತಾಳೆ ಅಂಕಿಯೂ 3! (ಶೇಷ 10 ಬಂದರೆ ತಾಳೆ ಅಂಕಿ 0.)

ಗುಮಾಸ್ತ ಕೈತಪ್ಪಿ 304538 ಎಂದು ಬರೆದನೆನ್ನಿ. ಮೊತ್ತ 6249 ಆಗಿ ಶೇಷ 1 ಉಳಿಯುತ್ತದೆ. ಗಣಕಯಂತ್ರ ತಪ್ಪನ್ನು ಕೂಡಲೇ ಹಿಡಿಯುತ್ತದೆ.

‘ಒಂದು ಅಂಕಿ ತಪ್ಪಿದರೆ ಏನು ಮಹಾ?’ ಎನ್ನುವ ಹುಡುಗರನ್ನು ತಂದೆತಾಯಿ ಬೈಯಬೇಕಾಗಿಲ್ಲ. ಹೆದ್ದಾರಿಯಲ್ಲಿ ಕಂಟೇನರ್ ಲಾರಿ ಕಂಡಾಗ ಅದರ ಸಂಖ್ಯೆ ಬರೆದುಕೊಂಡು, ಮನೆಗೆ ಬಂದು ತಾಳೆ ನೋಡಲು ಹೇಳಲಿ. ಉತ್ತರ ಪೆಟ್ಟಿಗೆಯ ಮೇಲೆಯೇ ಇರುತ್ತದೆ.