ಮನೆವಾರ್ತೆ: ಕಾರ್ ಶೆಡ್ಡಿಗೆ ಎಷ್ಟು ಟನ್ನಿನ ತಂಪು?



ಬೇಸಿಗೆ ಬಂತೆಂದರೆ ಮನೆಮನೆಯಲ್ಲಿಯೂ ತಂಪಿನ ಮಾತು. ಹಿಂದೆ ಅನುಕೂಲಸ್ಥರ ಮನೆಗಷ್ಟೇ ಸೀಮಿತವಾಗಿದ್ದ ಏ.ಸಿ. ಯಂತ್ರವು ಇಂದು ಮಧ್ಯಮ ವರ್ಗದ ಕುಟುಂಬಗಳಿಗೂ ಬಂದಿದೆ. ಅದನ್ನು ಕೊಳ್ಳುವಾಗ ಕಂಪನಿ, ಕಂತು, ರಿಯಾಯಿತಿಗಳನ್ನು ವಿಚಾರಿಸುವ ನಾವು, ನಮ್ಮ ಕೋಣೆಗೆ ಎಷ್ಟು ಸಾಮರ್ಥ್ಯದ ಯಂತ್ರ ಬೇಕೆಂಬ ಮೂಲ ಪ್ರಶ್ನೆಯನ್ನು ಮಾತ್ರ ಅಂಗಡಿಯವರಿಗೇ ಬಿಟ್ಟುಬಿಡುತ್ತೇವೆ. ಈ ಪ್ರಶ್ನೆಯ ಮಹತ್ವವನ್ನು ನನಗೆ ಮನಗಾಣಿಸಿದ ಒಂದು ಪ್ರಸಂಗವನ್ನು ಇಲ್ಲಿ ನಿವೇದಿಸುತ್ತೇನೆ.

ಕಲಬುರಗಿಯಲ್ಲಿ ನಮ್ಮ ಬಂಧುಗಳ ಮನೆಯೊಂದಿದೆ. ಹಳೆಯ ಕಾರನ್ನು ಮಾರಿದ ಮೇಲೆ ಬರಿದಾಗಿದ್ದ ಶೆಡ್ಡಿನಲ್ಲಿ ಆ ಮನೆಯ ಸೊಸೆ ಹೊಲಿಗೆಯ ತರಗತಿ ಆರಂಭಿಸಿದಳು. ಹತ್ತು ಅಡಿ ಅಗಲ, ಹದಿನೈದು ಅಡಿ ಉದ್ದ. ಮೇಲೆ ತಗಡು, ಎದುರಿಗೆ ಪಶ್ಚಿಮದ ಬಿಸಿಲಿಗೆ ಮುಖ ಮಾಡಿದ ರೋಲಿಂಗ್ ಶಟರ್. 2024ರ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಕಲಿಯಲು ಬಂದಿದ್ದ ಹುಡುಗಿಯೊಬ್ಬಳು ಸೆಕೆ ತಾಳಲಾರದೆ ಯಂತ್ರದ ಮುಂದೆಯೇ ಕುಸಿದಳು. ನೀರು ಚಿಮುಕಿಸಿ ಒಳಮನೆಯಲ್ಲಿ ಮಲಗಿಸಿದ ಮೇಲೆ ಚೇತರಿಸಿಕೊಂಡಳಾದರೂ ಸೊಸೆಯ ಮನಸ್ಸು ಕುಗ್ಗಿಹೋಯಿತು. "ಅತ್ತೀರಿ, ಇನ್ನ ಈ ಕ್ಲಾಸ ಬ್ಯಾಡ್ರಿ" ಎಂದು ಕಣ್ಣೀರು ತಂದುಕೊಂಡಳು. ಅತ್ತೆಯವರು, "ಬಂದ್ ಯಾಕ ಮಾಡ್ತಿ? ಸೆಕಿಗೆ ಏನರ ಉಪಾಯ ಮಾಡೋಣು" ಎಂದು ಧೈರ್ಯ ಹೇಳಿದರು.

ಒಣಹವೆಯ ಆ ಊರಿಗೆ ಏರ್ ಕೂಲರ್ ಸಾಕಾಗುತ್ತದೆ. ಆದರೆ ಕೂಲರಿಗೆ ತೆರೆದ ಕಿಟಕಿ ಬೇಕು. ಶೆಡ್ಡಿಗೆ ಕಿಟಕಿಯೇ ಇರಲಿಲ್ಲ, ಶಟರ್ ಎತ್ತಿದರೆ ಬಿಸಿಲು ಮತ್ತು ಧೂಳು. ಹೀಗಾಗಿ ಏ.ಸಿ. ಕೊಳ್ಳುವುದೆಂದಾಯಿತು. ಅಂಗಡಿಯಾತ ಎರಡು ಟನ್ ಎಂದ. ನೆರೆಯವರು ಒಂದು ಟನ್ ಸಾಕೆಂದರು. ಸೊಸೆಯ ಉಳಿತಾಯದಲ್ಲಿ ಎರಡು ಟನ್ನಿನ ಯಂತ್ರ ಬರುವಂತಿರಲಿಲ್ಲ; ಸಾಲ ಮಾಡಬೇಕಿತ್ತು. ಆಗ ಅವರು ನನ್ನನ್ನು ಕೇಳಿದರು.

ಟನ್ ಎಂಬುದು ಯಂತ್ರದ ತೂಕವಲ್ಲ. 2,000 ಪೌಂಡ್, ಅಂದರೆ ಸುಮಾರು 907 ಕಿಲೋ ಮಂಜುಗಡ್ಡೆಯು ಒಂದು ದಿನದಲ್ಲಿ ಕರಗುವಾಗ ಹೀರಿಕೊಳ್ಳುವ ಶಾಖದ ಪ್ರಮಾಣವೇ ಒಂದು ಟನ್. ಗಂಟೆಗೆ 12,000 ಬಿ.ಟಿ.ಯು. ಎಂದರೂ, ಸುಮಾರು 3,517 ವಾಟ್ ಎಂದರೂ ಅದೇ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಇಂಜಿನಿಯರು ರೂಪಿಸಿದ ವ್ಯವಸ್ಥೆಯೂ ಜನರ ಸುಖಕ್ಕಾಗಿ ಆಗಿರಲಿಲ್ಲ. ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಮುದ್ರಣಾಲಯವೊಂದರಲ್ಲಿ ತೇವದಿಂದ ಕಾಗದ ಹಿಗ್ಗಿ ಕುಗ್ಗುವುದನ್ನು ತಡೆಯಲೆಂದು ಆಗಿತ್ತು. ಅಂದರೆ ಈ ಯಂತ್ರ ಹುಟ್ಟಿದ್ದೇ ದುಡಿಮೆಯ ಸ್ಥಳಕ್ಕಾಗಿ.

ಇನ್ನು ಲೆಕ್ಕಕ್ಕೆ ಬರೋಣ. ನಮ್ಮ ದೇಶದ ಬಿಸಿಲಿಗೆ ಸಾಧಾರಣ ಕೋಣೆಯಾದರೆ 120 ಚದರ ಅಡಿಗೆ ಒಂದು ಟನ್ ಎಂಬುದು ರೂಢಿಯ ಅಂದಾಜು. ಶೆಡ್ಡಿನ 150 ಚದರ ಅಡಿಗೆ 15,000 ಬಿ.ಟಿ.ಯು. ಆಯಿತು. ಇಬ್ಬರಿಗಿಂತ ಹೆಚ್ಚಿನ ಪ್ರತಿಯೊಬ್ಬರಿಗೂ 600 ಸೇರಿಸಬೇಕು. ಅಲ್ಲಿ ಕುಳಿತುಕೊಳ್ಳುವವರು ಐವರು, ಆದ್ದರಿಂದ 1,800. ಉರಿಯುವ ಪ್ರತಿ ವಾಟ್ ವಿದ್ಯುತ್ತು ಗಂಟೆಗೆ 3.4 ಬಿ.ಟಿ.ಯು. ಶಾಖವಾಗುತ್ತದೆ, 100 ವಾಟಿನ ಎರಡು ಹೊಲಿಗೆ ಮೋಟಾರುಗಳಿಗೆ ಸುಮಾರು 700. ಸಾವಿರ ವಾಟಿನ ಇಸ್ತ್ರಿಪೆಟ್ಟಿಗೆ ಅರ್ಧ ಹೊತ್ತು ಕಾದರೂ 1,700. ಬರಿಯ ತಗಡಿನ ಸೂರಿಗೆ ಮೂಲ ಅಂಕಿಯ ಐದನೆಯ ಒಂದು ಭಾಗವನ್ನಾದರೂ, ಅಂದರೆ 3,000 ಸೇರಿಸಬೇಕು. ಒಟ್ಟು 22,200. ಅಂಗಡಿಯಾತ ಎರಡು ಟನ್ ಎಂದದ್ದು ಸುಳ್ಳಲ್ಲ!

ಆದರೆ ಲೆಕ್ಕವನ್ನು ಬಿಡಿಸಿಟ್ಟಾಗ ಮಾತ್ರ, ಯಾವ ಶಾಖವನ್ನು ಯಂತ್ರವಿಲ್ಲದೆಯೇ ಹೊರಗಿಡಬಹುದು ಎಂಬುದು ಕಾಣುತ್ತದೆ. ಅವರು ತಗಡಿನ ಮೇಲೆ ಬಿಸಿಲನ್ನು ಹಿಂದಿರುಗಿಸುವ ಬಿಳಿಯ ಬಣ್ಣ ಹಚ್ಚಿಸಿದರು. ಒಳಗೆ ಜಿಪ್ಸಮ್ ಹಲಗೆಯ ಫಾಲ್ಸ್ ಸೀಲಿಂಗ್ ಹಾಕಿಸಿ, ಅದರ ಮೇಲೆ ರಾಕ್ ವೂಲ್ ಹಾಸಿಸಿದರು. ಥರ್ಮೋಕೋಲ್ ಅಗ್ಗವಾದರೂ ಬೆಂಕಿಗೆ ಬೇಗ ಹೊತ್ತಿಕೊಳ್ಳುವುದರಿಂದ ಅದನ್ನು ಬಿಟ್ಟರು. ಶಟರಿನ ಸಂದುಗಳಿಗೆ ರಬ್ಬರ್ ಪಟ್ಟಿ, ಅದರ ಮುಂದೆ ದಪ್ಪ ಪರದೆ ಬಂದವು. ಇಸ್ತ್ರಿಯ ಮೇಜು ಪಡಸಾಲೆಗೆ ಸ್ಥಳಾಂತರವಾಯಿತು. ತಗಡಿನ ಮತ್ತು ಇಸ್ತ್ರಿಯ ಪಾಲನ್ನು ಕಳೆದರೆ ಉಳಿದದ್ದು 17,500. ಒಂದೂವರೆ ಟನ್ ಎಂದರೆ 18,000. ಈ ಎಲ್ಲ ಕೆಲಸಕ್ಕೂ ಖರ್ಚಾಯಿತು, ನಿಜ. ಆದರೆ ಸೂರಿನ ಖರ್ಚು ಒಮ್ಮೆ, ವಿದ್ಯುತ್ ಬಿಲ್ಲು ತಿಂಗಳು ತಿಂಗಳು.

"ದೊಡ್ಡದನ್ನೇ ತಂದರೆ ತಪ್ಪೇನು?" ಎಂದು ಕೇಳುವವರುಂಟು. ಅಗತ್ಯಕ್ಕಿಂತ ದೊಡ್ಡ ಯಂತ್ರವು ಕ್ಷಣದಲ್ಲಿ ಕೋಣೆಯನ್ನು ತಣ್ಣಗಾಗಿಸಿ ನಿಲ್ಲುತ್ತದೆ, ಮತ್ತೆ ಹೊರಡುತ್ತದೆ. ಹೀಗೆ ಪದೇ ಪದೇ ನಿಂತು ಹೊರಡುವುದರಿಂದ ಕಂಪ್ರೆಸರ್ ಸವೆಯುತ್ತದೆ. ಗಾಳಿಯ ತೇವವೂ ಸರಿಯಾಗಿ ಇಳಿಯುವುದಿಲ್ಲ. ಮಂಗಳೂರು, ಕಾರವಾರಗಳಂಥ ಕರಾವಳಿಯ ಊರುಗಳಲ್ಲಿ ಇದರಿಂದ ತಂಪಿದ್ದರೂ ಮೈ ಅಂಟಂಟಾಗುತ್ತದೆ. ತೀರ ಚಿಕ್ಕ ಯಂತ್ರವಾದರೋ ಬಿಡುವಿಲ್ಲದೆ ದುಡಿದೂ ಕೋಣೆಯನ್ನು ತಣಿಸಲಾರದು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಹಿರಿಯರ ಮಾತು ಹಣಕ್ಕೆ ಮಾತ್ರವಲ್ಲ, ಯಂತ್ರಕ್ಕೂ ಸಲ್ಲುತ್ತದೆ.

ಕೊಳ್ಳುವಾಗ ಸ್ಟಾರ್ ಚೀಟಿಯನ್ನು ಓದಿರಿ. ನಕ್ಷತ್ರಗಳು ಹೆಚ್ಚಿದ್ದರೆ ವಿದ್ಯುತ್ತಿನ ಮಿತವ್ಯಯ ಹೆಚ್ಚು ಎಂದರ್ಥವೇ ಹೊರತು ತಂಪು ಹೆಚ್ಚೆಂದಲ್ಲ. ಅದೇ ಚೀಟಿಯಲ್ಲಿ ತಂಪಿನ ಸಾಮರ್ಥ್ಯವು ವಾಟಿನಲ್ಲಿರುತ್ತದೆ. ಒಂದೂವರೆ ಟನ್ ಎಂದು ಮಾರುವ ಯಂತ್ರಗಳಲ್ಲಿಯೂ ಈ ಅಂಕಿ ಬೇರೆ ಬೇರೆ. ಈ ಶೆಡ್ಡಿಗೆ ಬೇಕಾದದ್ದು ಸುಮಾರು 5,130 ವಾಟ್. ಅದಕ್ಕಿಂತ ಕಡಿಮೆಯದನ್ನು ಅವರು ಒಪ್ಪಲಿಲ್ಲ. ಈ ಅಳತೆಯನ್ನು ಹೊರಗೆ 35 ಡಿಗ್ರಿ ಸೆಲ್ಸಿಯಸ್ ಇರುವಾಗ ಮಾಡಿರುತ್ತಾರೆ. ನಲವತ್ತು ದಾಟಿದಾಗ ಯಂತ್ರದ ಶಕ್ತಿ ಇಳಿಯುತ್ತದೆ. ಆದ್ದರಿಂದ ಕಲಬುರಗಿ, ರಾಯಚೂರಿನ ಕಡೆಯವರು ಅತಿ ಬಿಸಿಲಿಗೆಂದೇ ತಯಾರಾದ ಮಾದರಿಯನ್ನು ಕೇಳಿ ಪಡೆಯುವುದು, ಹೊರಘಟಕವನ್ನು ಗಾಳಿಯಾಡುವ ನೆರಳಿನಲ್ಲಿ ಕೂರಿಸುವುದು ಒಳಿತು.

ಇನ್ನು ಸುರಕ್ಷತೆ. ಒಂದೂವರೆ ಟನ್ನಿನ ಯಂತ್ರ ಪೂರ್ಣವಾಗಿ ದುಡಿಯುವಾಗ ಸುಮಾರು ಒಂದೂವರೆ ಕಿಲೋವಾಟ್ ಎಳೆಯುತ್ತದೆ. ಕಾರ್ ಶೆಡ್ಡಿನಲ್ಲಿ ಸಾಮಾನ್ಯವಾಗಿ ಇರುವುದು ಒಂದು ದೀಪದ ತಂತಿ ಮಾತ್ರ. ಪರವಾನಗಿಯುಳ್ಳ ಗುತ್ತಿಗೆದಾರರಿಂದ ಪ್ರತ್ಯೇಕ ತಂತಿ, ಎಂ.ಸಿ.ಬಿ., ಸರಿಯಾದ ಅರ್ಥಿಂಗ್ ಮಾಡಿಸಿ, ಮನೆಗೆ ಮಂಜೂರಾದ ಲೋಡ್ ಸಾಲುವುದೇ ಎಂದು ನೋಡಿಸಿರಿ.

ಶೆಡ್ಡಿನಲ್ಲಿ ವಾಹನವನ್ನೂ ನಿಲ್ಲಿಸುವವರು ಇದೊಂದನ್ನು ಮರೆಯಬಾರದು: ಸ್ಪ್ಲಿಟ್ ಏ.ಸಿ. ಹೊರಗಿನ ಗಾಳಿಯನ್ನು ತರುವುದಿಲ್ಲ, ಒಳಗಿನದನ್ನೇ ತಿರುಗಿಸುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಚಾಲೂ ಇಟ್ಟರೆ ಬಣ್ಣ, ವಾಸನೆಗಳಿಲ್ಲದ ಕಾರ್ಬನ್ ಮೊನಾಕ್ಸೈಡ್ ತುಂಬಿ ಪ್ರಾಣಕ್ಕೇ ಎರವಾಗಬಹುದು. ಪೆಟ್ರೋಲ್ ಡಬ್ಬಿಗಳನ್ನೂ ಅಲ್ಲಿಡಬಾರದು. ಜನ ಕುಳಿತು ದುಡಿಯುವ ಕೋಣೆಯಾದರೆ ಆಗಾಗ ಬಾಗಿಲು ತೆರೆದು ಹೊಸ ಗಾಳಿ ಬಿಡಬೇಕು.

2020ರ ಜನವರಿಯಿಂದ ಸ್ಟಾರ್ ಚೀಟಿಯುಳ್ಳ ಏ.ಸಿ.ಗಳು 24 ಡಿಗ್ರಿಯಲ್ಲಿಯೇ ಆರಂಭವಾಗುವಂತೆ ನಿಯಮವಾಗಿದೆ. ಆ ಮನೆಯವರು ಅದನ್ನು 26ಕ್ಕೆ ಏರಿಸಿ, ಜೊತೆಗೊಂದು ಫ್ಯಾನ್ ಹಾಕಿಕೊಂಡಿದ್ದಾರೆ. ಸಾಲವಾಗಲಿಲ್ಲ, ತರಗತಿಯೂ ನಿಲ್ಲಲಿಲ್ಲ. ಅಂದು ಕುಸಿದಿದ್ದ ಹುಡುಗಿ ಕಲಿಕೆ ಪೂರೈಸಿದಳು. ಅವಳು ತಾನೇ ಹೊಲಿದ ಮೊದಲ ಕುಪ್ಪಸವನ್ನು ತಂದು ಕೊಟ್ಟದ್ದು ಗುರುವಿಗಲ್ಲ, ತರಗತಿ ನಿಲ್ಲಿಸಬೇಡವೆಂದ ಅತ್ತೆಯವರಿಗೆ. ಅವರು ಅದನ್ನು ಹಬ್ಬಹರಿದಿನಗಳಲ್ಲಿ ತಪ್ಪದೆ ತೊಡುತ್ತಾರೆ.